ಕೋಳಿಯ ಚರ್ಮದಾಚೆಯ ಮಣಿ

ಉಗುರಿನ ಸಂದಿಯಲ್ಲೂ ಹಳದಿ, ಕೋಳಿ ಅಂಗಡಿಯ ಫಾರೂಕನ ಅಂಗೈ ಪೂರ್ತಿ ಹಳದಿ, ಪುಕ್ಕ ಕಿತ್ತ ಕೋಳಿಗೆ ಏನನ್ನೋ ಸವರಿ ಉರಿಯ ಮೇಲೆ ತಿರುವುತ್ತಿದ್ದಾನೆ, ನೀಲಾ ಡಬ್ಬಿ ಹಿಡಿದು ನಿಂತೇ ಇದ್ದಾಳೆ, ಅದೇನ್ರಿ ಹಚ್ಚಾಕ್ಹತ್ತೀರಿ, ಅರಿಶಿಣಾರೀ ಟೀಚರ, ವಾಸನಿ ಹೋಗಬೇಕಲ್ಲ, ನಿಮ್ಮದಕ್ಕ ಒಂದ್ ಚಿಟಿಕಿ ಜಾಸ್ತೀನ ಹಚ್ತೇನಿ, ಮಾಂಸ ಬಿಟ್ಟು ಬರೀ ಚರ್ಮ ಒಯ್ಯೂ ಗಿರಾಕಿ ಇಡೀ ಸವದತ್ತ್ಯಾಗ ನೀವೊಬ್ರ — ಆರು ವಾರ, ಆರು ವಾರದಿಂದ ಇವನು ಪ್ರೀತಿಯಿಂದ ಹಚ್ಚಿ ಕೊಟ್ಟಿದ್ದಾನೆ, ಬೈಯುವುದಾದರೂ ಹೇಗೆ, ಮಾಂಸ ಬೇಯಿಸದ ಮನೆಯಲ್ಲಿ ಹುಟ್ಟಿ ಕೋಳಿಯ ಚರ್ಮವೆಂದರೆ ಹಳದಿಯೇ ಅಂದುಕೊಂಡವಳು ತಾನು, ಆ ಡಬ್ಬಿ ಹೊಸ್ತಿಲಾ ದಾಟಿದ್ರ ನಾ ಊಟ ಬಿಡ್ತೇನಿ ಅಂದಿದ್ದಳು ಅವ್ವ, ಸಂಶೋಧನೆ ಅಂದರೆ ಅವ್ವನಿಗೆ ಡಬ್ಬಿ, ಡಬ್ಬಿ ಅಂದರೆ ಮೈಲಿಗೆ. ಕಾಲೇಜಿನ ಕತ್ತಲುಕೋಣೆಗೆ ಬಂದು ನೀಲಿ ಲೇಸರ್ ಹಚ್ಚಿದಾಗಲೂ ಸಿಟ್ಟು, ಬರೀ ಸಿಟ್ಟು, ಚರ್ಮ ಹೊಕ್ಕ ಬೆಳಕು ಹಾಲಿನೊಳಗೆ ಹೊಕ್ಕಂತೆ ಚೆದುರುತ್ತದೆ, ಅದನ್ನು ಕೊಯ್ಯದೆ, ಚುಚ್ಚದೆ, ಹೊರಗಿನಿಂದಲೇ ಒಂದು ಬಿಂದುವಿಗೆ ಕೂಡಿಸಬೇಕು, ಬೆಳಕಿನ ದಾರಿ ತಿದ್ದಲು ಸಾವಿರ ಚೂರಿನ ಕನ್ನಡಿಯ ಒಂದೊಂದು ಚೂರೂ ಬೇರೆಬೇರೆಯಾಗಿ ತಿರುಗುತ್ತದೆ, ಚರ್ಮದಾಚೆ ಗಾಜಿಗೆ ಅಂಟಿಸಿದ ಕೂದಲೆಳೆಗಿಂತ ಸಣ್ಣ ಮಣಿ ಹಸಿರು ಮಿನುಗುತ್ತದೆ, ಹೆಚ್ಚು ಮಿನುಗಿಸಿದ ತಿರುವನ್ನು ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ, ಮಿನುಗಿದ್ದು ಯಾವುದು ಎಂದು ಅದು ಕೇಳುವುದಿಲ್ಲ, ದರಿದ್ರದ್ದು, ನೀಲಿ ಬೆಳಕಿಗೆ ಅರಿಶಿನವೂ ಹಸಿರು ಮಿನುಗುತ್ತದೆ, ಹೋದ ವರ್ಷ ತಾನೇ ಪಾಠ ಮಾಡಿದ್ದು, ಹಲಗೆಯ ಮೇಲೆ ಚಿತ್ರ ಬರೆದು. ಇಂಥಾ ಚೂಪ ಚುಕ್ಕಿ ನಾ ಎಲ್ಲೂ ನೋಡಿಲ್ಲವ್ವಾ, ಅಂದಿದ್ದರು ಅವಳು ಕಳಿಸಿದ ಪರದೆಯ ಚಿತ್ರ ನೋಡಿ ಧಾರವಾಡದಿಂದ ಗೈಡ್ ಕಾಂತೇಶ ಸರ್, ಬೆಳಿಗ್ಗೆ ಫೋನಿನಲ್ಲಿ, ಪೇಪರ್ ಇವತ್ತ ಸಂಜೀಕ ಜರ್ನಲ್ಲಿಗೆ ಕಳಿಸಿಬಿಡ್ತೇನಿ, ನಿನ್ನ ಹೆಸರ ಮೊದಲ — ಚರ್ಮದ ಆಚೆಯದ್ದು ಅಷ್ಟು ಚೂಪಾಗಿ ಕಾಣುವುದುಂಟೇ, ಇಬ್ಬರಿಗೂ ಹೊಳೆಯಲಿಲ್ಲ, ಇಬ್ಬರಿಗೂ ಬೇಕಾಗಿತ್ತು, ಆರು ವಾರ ಬೇಕಾಗಿತ್ತು. ಚರ್ಮದ ಹಿಂದಿನಿಂದ ಗಾಜನ್ನು ಎಳೆದಳು, ಇಷ್ಟೇ ಪರೀಕ್ಷೆ, ಮೊದಲನೆಯ ದಿನವೇ ಮಾಡಬೇಕಿದ್ದದ್ದು, ಮಣಿ ಈಗ ಅಂಗೈಯಲ್ಲಿದೆ, ಚರ್ಮದ ಹಿಂದೆ ಏನೂ ಇಲ್ಲ, ಬರೀ ಮೇಜು, ಕನ್ನಡಿ ಕಟಕಟ ತಿರುಗುತ್ತಿದೆ, ಪರದೆ ಕಪ್ಪು, ಕಪ್ಪಾಗಿಯೇ ಇರಲಿ ದೇವರೇ, ಕಪ್ಪು, ಒಂದಿಷ್ಟು ಹಸಿರು, ಚುಕ್ಕಿ. ಅದೇ ಚುಕ್ಕಿ, ಮಣಿಯದ್ದಲ್ಲ, ಅರಿಶಿನದ್ದು. ಫೋನಿನಲ್ಲಿ ಸರ್, ಏನವಾ, ಕಳಸ್ಲೇನು, ಬ್ಯಾಡ್ರಿ ಸರ ಅನ್ನುತ್ತಾಳೆ, ತನ್ನದೇ ದನಿ ಯಾರದೋ ಅನ್ನಿಸುತ್ತದೆ, ಯಾಕವಾ ಅನ್ನುತ್ತಾರೆ, ಚುಕ್ಕಿ, ಹಲೋ, ನೀಲಾ, ಯಾಕ, ಏನೂ ಇಲ್ಲದಲ್ಲಿ ಚುಕ್ಕಿ, ಸೂಜಿಮೊನೆಯಷ್ಟು, ಹಸಿರು, ಕದಲದೆ