ಕೊನೆಗಿಟ್ಟ ಬ್ರೇಕು

ವರ್ಷಗಟ್ಟಲೆ ನಿಂತ ಗಾಡಿಯನ್ನು ಎಬ್ಬಿಸುವಾಗ ಮೊದಲು ಬ್ರೇಕ್ ಬಿಚ್ಚಬೇಕು. ಓಡದ ಗಾಡಿಯನ್ನು ತಳ್ಳಬಹುದು, ನಿಲ್ಲದ ಗಾಡಿಯನ್ನು ಏನು ಮಾಡುತ್ತೀರಿ? ಬೊಂಬಾಯಿ ಪಕ್ಕದ ಠಾಣೆಯ ನನ್ನ ಗ್ಯಾರೇಜಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನೇ ಬೈದು ಬೈದು ಹೇಳಿದವನು ನಾನು, ಕಾರ್ಕಳದ ಜಯಶೀಲ. ಅಂಥ ನಾನೇ ರಮಾಕಾಂತಣ್ಣನ ಹಳೆಯ ಇಂಪಾಲಾ ಕಾರಿನ ಬ್ರೇಕನ್ನು ಕೊನೆಗಿಟ್ಟೆ.

ಗಾಡಿ ಇಪ್ಪತ್ತಮೂರು ವರ್ಷ ಟಿಟ್ವಾಳಾದ ಒಂದು ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ೨೦೧೨ರಲ್ಲಿ ಆ ಜಾಗ ಬಿಲ್ಡರನ ಪಾಲಾಯಿತು. ರಮಾಕಾಂತಣ್ಣನ ಹೆಂಡತಿ ಸ್ವರ್ಣಲತಕ್ಕ ಡೊಂಬಿವ್ಲಿಯಿಂದ ಫೋನ್ ಮಾಡಿ, "ಜಯಶೀಲ, ಅದು ಓಡುವ ಹಾಗೆ ಮಾಡಿ ಕೊಡು. ನೀನೇ ಮಾಡ್ಬೇಕು," ಅಂದರು. ಆ ‘ನೀನೇ’ ನನಗೆ ಆಗಲೇ ಚುಚ್ಚಿತು.

ಶೆಡ್ಡಿನ ಬೀಗ ತೆಗೆದು ನಾನು ಕಾರಿನ ಬಾಗಿಲಿಗೆ ಕೈ ಹಾಕಿದರೆ ಅಕ್ಕ ತಡೆದರು. ತಾವೇ ಮೂರು ಸಲ ತಟ್ಟಿ, ಸ್ವಲ್ಪ ಕಾದು, ತುಳುವಿನಲ್ಲಿ "ಲಕ್ಕ್‌ಲೆ" ಅಂದರು, ಏಳಿ ಎಂದು. ನಮ್ಮ ಕಡೆ ಸತ್ತವರಿಗೆ ಎಡೆ ಬಡಿಸಿದ ಮೇಲೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಉಂಡು ಮುಗಿಯುವಷ್ಟು ಹೊತ್ತು ಬಿಟ್ಟು, ತಟ್ಟಿಯೇ ತೆರೆಯುತ್ತೇವೆ. ಒಳಗಿದ್ದವರಿಗೆ ಏಳುವ ಹೊತ್ತಾಯಿತು ಎಂದು ತಿಳಿಯಬೇಕಲ್ಲ. ಅಕ್ಕ ಪ್ರತಿ ವರ್ಷ ತೀರಿಹೋದ ಗಂಡನ ಎಡೆಯನ್ನು ಮನೆಯಲ್ಲಲ್ಲ, ಈ ಕಾರಿನ ಸೀಟಿನ ಮೇಲೆ ಬಡಿಸುತ್ತಿದ್ದರಂತೆ. ಒಣಗಿದ ಬಾಳೆಲೆಯ ಚೂರುಗಳು ಅಲ್ಲೇ ಇದ್ದವು.

"ಅವ್ರು ಮನೆಗೆ ಬರುದಿಲ್ಲ. ಇದ್ರೊಳಗೇ ಕೂತಿದ್ದಾರೆ," ಅಂದರು, ಟೊಮೇಟೊ ಬೆಲೆ ಹೇಳಿದಷ್ಟು ಸಲೀಸಾಗಿ.

ಜೊತೆಗೆ ಬಂದಿದ್ದ ಮೊಮ್ಮಗಳು ಅನುಷ್ಕಾಳಿಗೆ ಬೇರೆಯೇ ಚಿಂತೆ. "ಅಂಕಲ್, ಛತ್ ಖುಲ್ತೀ ಹೈ ಕ್ಯಾ?" ಎಂದು, ಛಾವಣಿ ತೆರೆಯುತ್ತದಾ ಅಂತ ಕೇಳುತ್ತ, ಕಾರಿನ ಮಡಚುವ ಛಾವಣಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಳು.

ರಮಾಕಾಂತಣ್ಣ ಠಾಣೆ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿದ್ದವರು. ೧೯೮೯ರಲ್ಲಿ ಘೋಡಬಂದರ್ ರಸ್ತೆಯ ಗಾಯಮುಖದ ಇಳಿಜಾರಿನಲ್ಲಿ ಗಾಡಿ ಮರಕ್ಕೆ ಗುದ್ದಿ ತೀರಿಕೊಂಡರು. ಬಂಪರ್ ಸ್ವಲ್ಪ ಬಾಗಿತ್ತು ಅಷ್ಟೆ, ಆದರೆ ಸ್ಟೇರಿಂಗ್ ಎದೆಗೆ ಬಡಿದಿತ್ತು. ಹಾರ್ಟ್ ನಿಂತೇ ಗಾಡಿ ಮರಕ್ಕೆ ಹೋದದ್ದು ಎಂದು ಎಲ್ಲರೂ ಅಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿ.

ಯಾಕೆಂದರೆ ಹಿಂದಿನ ದಿನ ಬ್ರೇಕ್ ಕೆಲಸ ಮಾಡಿದ್ದು ನಾನು. ಬ್ರೇಕ್ ಎಣ್ಣೆ ಸೋರದಂತೆ ತಡೆಯುವ ಸಿಲಿಂಡರಿನ ರಬ್ಬರ್ ಕಪ್ ಆಗ ಬೊಂಬಾಯಿಯಲ್ಲಿ ಹುಡುಕಿದರೂ ಸಿಗಲಿಲ್ಲ. ಹಳೆಯದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದೆ. ಕಬ್ಬಿಣ ತೊಳೆದ ಡಬ್ಬಿಯಲ್ಲೇ ರಬ್ಬರನ್ನೂ ಅದ್ದುವುದು ನಮ್ಮ ಗಲ್ಲಿಯ ಚಾಳಿ. ಸೀಮೆಎಣ್ಣೆ ಕುಡಿದ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡುತ್ತದೆ ಎಂದು ತಿಳಿದದ್ದು ಎರಡು ವರ್ಷದ ಮೇಲೆ. ಆದರೆ ಸುಳ್ಳು ಹೇಳಿದ್ದು ತಿಳಿದೇ. "ಹೊಸದೇ ಹಾಕಿದ್ದೇನೆ ಅಣ್ಣಾ," ಅಂದಿದ್ದೆ. ಬ್ರೇಕಿನ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಅಂದು ಸೀಟಿನಲ್ಲಿ ಕೂತು ಪೆಡಲ್ ತುಳಿದವರು ಅವರೇ. ಗಾಡಿಯಡಿ ಮಲಗಿ "ಒತ್ತಿ, ಹಿಡೀರಿ, ಬಿಡಿ" ಅಂದವನು ನಾನು.

ಈಗ ಅದೇ ಗಾಡಿಯನ್ನು ಶೆಡ್ಡಿನಿಂದ ಟೋ ಮಾಡಿ ಗ್ಯಾರೇಜಿಗೆ ತಂದೆ. ಸೀಟಿನೊಳಗಿನ ಇಲಿಗೂಡು ತೆಗೆದೆ. ಪ್ಲಗ್ ಬಿಚ್ಚಿ ಎಣ್ಣೆ ಹೊಯ್ದು, ನಾಲ್ಕು ದಿನ ಬಿಟ್ಟು, ಎಂಜಿನನ್ನು ಕೈಯಿಂದ ತಿರುಗಿಸಿದೆ. ಟ್ಯಾಂಕಿನಲ್ಲಿ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಿತ್ತು, ಅದನ್ನೂ ಕೆರೆದು ತೊಳೆದೆ. ಛಾವಣಿಗೆ ಹೊಸ ಕ್ಯಾನ್ವಾಸ್ ಹೊಲಿಸಿದೆ. ಬ್ರೇಕ್ ಪೆಡಲಿನ ಸುದ್ದಿಗೆ ಮಾತ್ರ ಹೋಗಲಿಲ್ಲ.

ಆದರೆ ಪೆಡಲ್ ನನ್ನನ್ನು ಬಿಡಬೇಕಲ್ಲ. ಸಂಜೆ ಕೈಯಿಂದ ಮೇಲಕ್ಕೆಳೆದು ಹೋದದ್ದು ಬೆಳಿಗ್ಗೆ ಷಟರ್ ಎತ್ತಿದರೆ ನೆಲಕ್ಕೆ ಅಂಟಿರುತ್ತಿತ್ತು. ಸ್ಪ್ರಿಂಗ್ ಸತ್ತಿದೆ ಎಂದುಕೊಂಡು ಹೊಸದು ಹಾಕಿದೆ. ಮರುದಿನವೂ ಹಾಗೇ, ಯಾರೋ ರಾತ್ರಿಯಿಡೀ ತುಳಿದು ಕೂತ ಹಾಗೆ. ಹೆದರಿಕೆಯಾಯಿತು. ಆಮೇಲೆ ಷಟರಿಗೆ ಮೂರು ಸಲ ತಟ್ಟದೆ ನನ್ನದೇ ಗ್ಯಾರೇಜಿನೊಳಗೆ ಕಾಲಿಡಲು ನನಗೆ ಧೈರ್ಯ ಬರಲಿಲ್ಲ.

ಒಂದು ದಿನ ಅಕ್ಕ ಫೋನಿನಲ್ಲಿ, "ಬ್ರೇಕ್ ನೋಡಿದ್ಯಾ?" ಎಂದು ಕೇಳಿದರು.

"ಆಗ ಬ್ರೇಕ್ ಸರಿಯೇ ಇತ್ತಲ್ಲ ಅಕ್ಕಾ," ಅಂದುಬಿಟ್ಟೆ. ಅವರು ಕೇಳಿದ್ದು ಈಗಿನ ಬ್ರೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕ ಫೋನ್ ಇಟ್ಟರು.

ಅನುಷ್ಕಾ ಇಂಟರ್ನೆಟ್ಟಿನಲ್ಲಿ ಹುಡುಕಿ ಅಮೆರಿಕದಿಂದ ರಬ್ಬರ್ ಕಿಟ್ ತರಿಸಿಕೊಟ್ಟಳು. ಇನ್ನು ನೆಪ ಉಳಿಯಲಿಲ್ಲ. ಭಾನುವಾರ ಬ್ರೇಕ್ ಬಿಚ್ಚುತ್ತೇನೆ ಎಂದು ಅವಳಿಗೆ ಹೇಳಿ, ಆ ಬೆಳಿಗ್ಗೆ ಷಟರ್ ಎತ್ತಿಟ್ಟು ಒಬ್ಬನೇ ಕೂತು ಸಿಲಿಂಡರ್ ಬಿಚ್ಚಿದೆ. ನಾನು ಅಂದು ಹಾಕಿದ್ದ ಕಪ್ ನೆನೆಸಿದ ಕಡಲೆಯ ಹಾಗೆ ಉಬ್ಬಿ, ಅಂಚು ಮಗುಚಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು. ಹಾರ್ಟೂ ಇಲ್ಲ, ಹಣೆಬರಹವೂ ಇಲ್ಲ. ಅದನ್ನು ಜೇಬಿಗೆ ಹಾಕಿಕೊಂಡೆ. ನಾಚಿಕೆಯಿಲ್ಲದ ಮನಸ್ಸು ಆಗಲೂ ಅಂದದ್ದು ಒಂದೇ, ಯಾರಿಗೆ ಗೊತ್ತಾಗುತ್ತದೆ?

ಹೊಸ ಕಪ್ ಕೂಡಿಸಿ, ಗಾಡಿಯಡಿ ನುಸುಳಿ, ಗಾಳಿ ತೆಗೆಯುವ ನಳಿಗೆ ಜೋಡಿಸುತ್ತಿದ್ದೆ. ತಲೆಯ ಮೇಲೆ ಕಾರಿನ ಬಾಗಿಲಿಗೆ ಯಾರೋ ತಟ್ಟಿದರು. ಒಂದು, ಎರಡು, ಮೂರು. ಬಾಗಿಲು ತೆರೆಯಿತು. ಸೀಟಿನ ಸ್ಪ್ರಿಂಗ್ ಕಿರುಗುಟ್ಟಿತು. ನನ್ನ ಬಾಯಿ ಹಳೆಯ ಅಭ್ಯಾಸದಲ್ಲಿ "ಒತ್ತಿ" ಅಂದಿತು.

ಪೆಡಲ್ ಇಳಿಯಿತು. ನಳಿಗೆಯಲ್ಲಿ ಗುಳ್ಳೆ ಬಂತು.

"ಅಣ್ಣಾ," ಅಂದೆ. "ಆವತ್ತು ನಾನು ಹೊಸದು ಹಾಕಿರ್ಲಿಲ್ಲ. ಹಳೇದನ್ನೇ ಸೀಮೆಎಣ್ಣೆಯಲ್ಲಿ ತೊಳ್ದು ಹಾಕಿದ್ದು. ನಿಮ್ಮನ್ನು ಕೊಂದದ್ದು ನಾನೇ ಅಣ್ಣಾ."

ಮೇಲಿನಿಂದ ಸ್ವರ್ಣಲತಕ್ಕನ ದನಿ ಬಂತು. "ಆವತ್ತು ಊಟಕ್ಕೆ ಬಂದವ್ರು ಪೆಡಲ್ ಯಾಕೋ ಗಟ್ಟಿ ಉಂಟು ಅಂದ್ರು. ಹೋಗ್ಬೇಡಿ ಅಂದೆ ನಾನು. ಜಯಶೀಲ ಹೊಸದೇ ಹಾಕಿದ್ದಾನೆ, ಎಂತ ಆಗುದಿಲ್ಲ ಅಂದ್ರು."

ತೆವಳಿ ಹೊರಬಂದೆ. ಅಕ್ಕ ಸ್ಟೇರಿಂಗಿನ ಹಿಂದೆ ಕೂತಿದ್ದರು, ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಜೇಬಿನಿಂದ ಕಪ್ ತೆಗೆದು ಅವರ ಕೈಯಲ್ಲಿಟ್ಟೆ.

"ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ಅಕ್ಕಾ?"

"ಕೇಳಿದ್ರೆ ಸುಳ್ಳು ಹೇಳ್ತಿದ್ದೆ ನೀನು," ಅಂದರು. ನಿಜ, ಹೇಳುತ್ತಿದ್ದೆ. "ಹೋಗು, ಉಳಿದ ಚಕ್ರದ್ದೂ ಮುಗ್ಸು. ನಾನು ಒತ್ತುತ್ತೇನೆ."

ನಾಲ್ಕೂ ಚಕ್ರ ಮುಗಿದ ಮೇಲೆ ಅಕ್ಕ ಛಾವಣಿ ಮಡಚಲು ಹೇಳಿ ಪಕ್ಕದ ಸೀಟಿಗೆ ಸರಿದರು. "ಗಾಯಮುಖಕ್ಕೆ ನಡಿ. ನೀನು ಬ್ರೇಕ್ ಕೆಲಸ ಮಾಡಿದ ಗಾಡಿಯಲ್ಲಿ ನೀನೂ ಕೂರ್ಬೇಕು, ನಾನೂ ಕೂರ್ಬೇಕು."

ಘೋಡಬಂದರ್ ರಸ್ತೆಯಲ್ಲಿ ಜನ ಮಾಲ್ ಬಿಟ್ಟು ನಮ್ಮನ್ನೇ ನೋಡಿದರು. ನನಗೆ ಕಾಣುತ್ತಿದ್ದದ್ದು ಎದುರಿನ ಇಳಿಜಾರು ಮಾತ್ರ. ರಸ್ತೆ ಅಗಲ ಮಾಡುವಾಗ ಆ ಮರ ಹೋಗಿತ್ತು, ಆದರೆ ಜಾಗ ಅಕ್ಕನಿಗೆ ನೆನಪಿತ್ತು. "ಇಲ್ಲಿ," ಅಂದರು. ಒತ್ತಿದೆ. ಪೆಡಲ್ ಕಾಲನ್ನು ತಡೆದು ಹಿಡಿಯಿತು. ಅಷ್ಟು ದೊಡ್ಡ ಗಾಡಿ ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿತು.

ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಹಾಕಿದೆ. ಕಾಲು ಮಾತ್ರ ಪೆಡಲಿನಿಂದ ಏಳಲಿಲ್ಲ. ಅಳು ಬಂತು, ಅರವತ್ತರ ಮುದುಕ ರಸ್ತೆಬದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಇಪ್ಪತ್ತಮೂರು ವರ್ಷ ಈ ಗಾಡಿಯೊಳಗೆ ಕೂತಿದ್ದವರು ಅಣ್ಣನೊಬ್ಬರೇ ಅಲ್ಲ.

ಅಕ್ಕ ಇಳಿದು, ಸುತ್ತು ಹಾಕಿ, ನನ್ನ ಬಾಗಿಲಿನ ಹತ್ತಿರ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿಲಿಗೆ ಮೂರು ಸಲ ತಟ್ಟಿ, ಸ್ವಲ್ಪ ಹೊತ್ತು ಕಾದರು.

"ಲಕ್ಕ್ ಜಯಶೀಲ," ಅಂದರು.