ಮೆಲ್ಚೋರನ ರೊಟ್ಟಿ

ನನ್ನ ಮಗ ಮೆಲ್ಚೋರನ ತಲೆಯನ್ನು ಅವರು ಹೊಳೆಯ ಸೇತುವೆಯ ಮೇಲೆ ಕಬ್ಬಿಣದ ಪಂಜರದಲ್ಲಿ ತೂಗುಹಾಕಿದ್ದರು. ಅವನ ಹೆಸರನ್ನು ಯಾರೂ ಎತ್ತಕೂಡದೆಂದು ಡಂಗುರ ಹೊಡೆಸಿದ್ದರು. ಆ ಆಜ್ಞೆ ಕೊಟ್ಟವನು ಕಪ್ತಾನ ಒರ್ದೋನ್ಯೆಸ್, ಸಮುದ್ರದಾಚೆಯ ಸ್ಪೇನಿನಿಂದ ಬಂದವನು. ನಾನು ದಿನವೂ ಮಾತೆ ಮರಿಯಳ ಮುಂದೆ ಬೇಡುತ್ತಿದ್ದೆ: ಆ ತಲೆ ಮಣ್ಣು ಸೇರಬೇಕು, ತೂಗುಹಾಕಿದವನ ಬಾಯಿಂದಲೇ ಆ ಹೆಸರು ಹೊರಡಬೇಕು. ಆಮೇಲೆ ಅವನೂ ಮಣ್ಣು ಸೇರಬೇಕು ಎಂಬುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಾನೂ ಮಗನನ್ನು ಕಳೆದುಕೊಂಡ ಆ ಮಾತೆಗೆ ಹೇಳಬೇಕೆ?

ಕೊಚಬಾಂಬ ಕಣಿವೆಯ ನಾವು ಹುಟ್ಟಾ ದಂಗೆಕೋರರಲ್ಲ. ಮೆಕ್ಕೆಜೋಳದ ಹೆಂಡದ ಮೇಲೆ ಸುಂಕ ಹಾಕಿದಾಗ ಗೊಣಗಿದೆವು. ಗಂಡಸರನ್ನು ಬೆಳ್ಳಿ ಗಣಿಗೆ ಎಳೆದೊಯ್ದಾಗ ಅತ್ತೆವು. ಕಣದಲ್ಲಿದ್ದ ಗೋಧಿಯನ್ನು ದಂಡಿನ ಕುದುರೆಗಳಿಗೆ ಸುರಿದ ದಿನ ಮೆಲ್ಚೋರ ಸಂತೆಯ ನಡುವೆ ನಿಂತು, "ಈ ನೆಲ ಯಾರದು?" ಎಂದು ಕೇಳಿದ. ಕೇಳಿದ್ದು ಅಷ್ಟೆ, ಅದಕ್ಕೇ ತಲೆ ಹೋಯಿತು. ಪಂಜರ ಮೇಲೇರಿದ ಮೇಲೆ ಆ ಪ್ರಶ್ನೆ ಮನೆಮನೆ ಹೊಕ್ಕಿತು. ಗಂಡಸರು ಬೆಟ್ಟ ಹತ್ತಿದರು. ಹೆಂಗಸರು ಕಾಳುಕಡಿಯನ್ನೆಲ್ಲ ಹೂತಿಟ್ಟರು. ಕಪ್ತಾನನ ಸಿಪಾಯಿಗಳು ಕಾಡು ಬೇರು ಬೇಯಿಸಿ ತಿನ್ನತೊಡಗಿದರು.

ಸಕಲ ಸಂತರ ಹಬ್ಬ ಬಂತು. ಸತ್ತವರು ಆ ದಿನ ನಡುಹಗಲಿಗೆ ಮನೆಗೆ ಬರುತ್ತಾರೆ. ಅವರಿಗಾಗಿ ಮೇಜು ಅಣಿಮಾಡಿ, ಕೂಸಿನಾಕಾರದ ರೊಟ್ಟಿ ಸುಡುತ್ತೇವೆ. ಸತ್ತವನ ಹೆಸರು ಹಿಡಿದು ಪ್ರಾರ್ಥಿಸಿದವನು ಹಗೆಯಾದರೂ ಅವನಿಗೆ ಆ ರೊಟ್ಟಿ ಕೊಡಲೇಬೇಕು. ಮನೆಯೊಳಗೆ ಅವನ ಕೂದಲು ಕೊಂಕಿಸುವಂತಿಲ್ಲ. ಅವನೂ ಆಯುಧವನ್ನು ಹೊಸ್ತಿಲಾಚೆ ಇಟ್ಟು ಬರಬೇಕು.

ಹೆಂಡ ಮಾರುವ ಟೊಮಾಸಾ ಹಿಂದಿನ ದಿನ ನನ್ನ ಹಿಟ್ಟಿನ ಪಕ್ಕ ಕೂತು ಪಿಸುಗುಟ್ಟಿದಳು: "ಅಕ್ಕಾ, ವಾಸನೆ ಹಿಡ್ಕೊಂಡು ಸಿಪಾಯಿಗಳು ನಾಯಿಗಳ ಥರ ಬರ್ತಾರೆ ನೋಡು. ಒಂದಿಷ್ಟು ವಿಷ ಕಲಸಿಬಿಡು."

"ಥೂ! ನನ್ನ ಮಗ ತಿನ್ನೋ ರೊಟ್ಟಿ ಕಣೇ ಇದು."

"ಹಂಗಾದ್ರೆ ಬಿಟ್ಟಿ ಊಟ ಹಾಕ್ತೀಯಾ? ಬಾಯಿ ಒರೆಸ್ಕೊಳೋಕೆ ನಿನ್ನ ಶಾಲೂ ಕೊಟ್ಬಿಡು!"

"ಹಾಕ್ತೀನಿ. ತಿನ್ನೋವಾಗ ಬಂದೂಕ ಎಲ್ಲಿಟ್ಟಿರ್ತಾರೆ, ಅದು ಹೇಳು."

ಟೊಮಾಸಾ ದಡಕ್ಕನೆ ಎದ್ದಳು. ಶಾಲು ಹೊದ್ದು ಮನೆಮನೆಗೂ ಬೆಟ್ಟಕ್ಕೂ ಸುದ್ದಿ ಮುಟ್ಟಿಸಲು ಓಡಿದಳು. ಹೂತಿಟ್ಟ ಗೋಧಿ ಹೊರಬಂತು. ಊರಿನ ಒಲೆಗಳೆಲ್ಲ ಹೊಗೆಯಾಡಿದವು.

ಹಬ್ಬದ ನಡುಹಗಲಿನ ಗಂಟೆ ಮೊಳಗಿತು. ರೊಟ್ಟಿಯನ್ನೆಲ್ಲ ಕಸಿದು ತನ್ನಿ ಎಂದು ಕಪ್ತಾನ ಅಪ್ಪಣೆ ಮಾಡಿದ. ಆದರೆ ಅವನ ಸಿಪಾಯಿಗಳು ಬೆಟ್ಟದಾಚೆಯ ಕುಸ್ಕೊ ಕಡೆಯವರು, ಸ್ಪೇನಿನವರಲ್ಲ, ನಮ್ಮಂಥದೇ ಜನ. ಪ್ರಾರ್ಥಿಸದೆ ಆ ಮೇಜಿಗೆ ಕೈಹಾಕಿದರೆ ಸತ್ತವನು ಬೆನ್ನು ಹತ್ತುತ್ತಾನೆಂದು ಅವರಿಗೆ ಗೊತ್ತು. ಒಬ್ಬೊಬ್ಬರೇ ಬಂದೂಕನ್ನು ಹೊರಗೋಡೆಗೆ ಒರಗಿಸಿ, ಟೋಪಿ ತೆಗೆದು, ಮನೆಗಳನ್ನು ಹೊಕ್ಕರು. ಸೇತುವೆಯ ಕಾವಲಿನವನೂ ಬಂದ.

ಕಪ್ತಾನ ನನ್ನ ಬಾಗಿಲಿಗೆ ಬಂದ. ಜೊತೆಗೆ ಮಾಯ್ತ ಎಂಬ ಮುದಿ ಸಿಪಾಯಿ.

"ಏ ಮುದುಕಿ, ರೊಟ್ಟಿ ತೆಗಿ."

"ಪ್ರಾರ್ಥನೆ ಮಾಡಿ ದೊರೆ, ಕೊಡ್ತೀನಿ."

ಮಾಯ್ತ ತನ್ನ ಬಂದೂಕನ್ನು ಗೋಡೆಗೆ ಒರಗಿಸಿ ಕೈಮುಗಿದ. "ಬುದ್ಧೀ, ಕತ್ತಿ ಆಚೆ ಇಡಿ. ಹೆಸರು ಹೇಳಿ ಒಂದು ಸಲ ಪ್ರಾರ್ಥನೆ ಮಾಡಿದ್ರೆ ಆಯ್ತು. ನನ್ನ ಹೊಟ್ಟೆ ನಿಮ್ಮ ಕುದುರೆಗಿಂತ ಜೋರಾಗಿ ಕೆನೀತಾ ಇದೆ."

ಕಪ್ತಾನ ನಕ್ಕು, ಕತ್ತಿ ಪಿಸ್ತೂಲು ಬಿಚ್ಚಿ ಹೊರಗಿಟ್ಟ. ಮೇಜಿನ ಮುಂದೆ ಮೊಣಕಾಲೂರಿದ. "ಯಾರ ಹೆಸರು?"

"ಸೇತುವೆ ಮೇಲೆ ಇಟ್ಟಿದ್ದೀರಲ್ಲ, ಅವನದು."

ಅವನ ಮುಖ ಕೆಂಪೇರಿತು. ಎದ್ದೇಬಿಡುವನೆಂದುಕೊಂಡೆ. ಬಿಸಿ ರೊಟ್ಟಿಯ ಪರಿಮಳ ಅವನನ್ನು ಹಿಡಿದು ಕೂರಿಸಿತು. ನೆಲ ನೋಡುತ್ತ, "ಮೆಲ್ಚೋರ್," ಎಂದು ಗೊಣಗಿದ.

"ಜೋರಾಗಿ ಹೇಳಿ ದೊರೆ. ಪಂಜರದಲ್ಲಿ ಗಾಳಿ ಜಾಸ್ತಿ, ಅವನಿಗೆ ಕೇಳಿಸಲ್ಲ."

"ಮೆಲ್ಚೋರ್!"

ಎಷ್ಟೋ ತಿಂಗಳಿಂದ ಆ ಗೋಡೆಗಳು ಕೇಳದ ಹೆಸರು. ನನ್ನ ಕಣ್ಣು ತುಂಬಿತು. ಅವನೂ ಮಾಯ್ತನೂ ಪ್ರಾರ್ಥನೆ ಮುಗಿಸಿದರು. ನಾನು ರೊಟ್ಟಿ ಮುರಿದು ಇಬ್ಬರಿಗೂ ಕೊಟ್ಟೆ. ಕುಡಿಯಲು ಹೆಂಡವನ್ನೂ ಸುರಿದೆ. ಅತಿಥಿಗೆ ಸಲ್ಲುವುದರಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ.

ತಿಂದು ಮುಗಿಸಿ ಕಪ್ತಾನ ಹೊಸ್ತಿಲು ದಾಟಿದ. ಗೋಡೆಯ ಬಳಿ ಕತ್ತಿಯಿರಲಿಲ್ಲ. ಬೀದಿಯ ಉದ್ದಕ್ಕೂ ಹೆಂಗಸರು ಬಂದೂಕ ಹಿಡಿದು ನಿಂತಿದ್ದರು. ಬೆಟ್ಟದಿಂದ ಗಂಡಸರು ಇಳಿದು ಬರುತ್ತಿದ್ದರು. ಅವನ ಪಿಸ್ತೂಲು ಟೊಮಾಸಾಳ ಕೈಯಲ್ಲಿತ್ತು.

"ಹೊಟ್ಟೆ ತುಂಬ್ತಾ ದೊರೆ?" ಎಂದಳು.

ಅವನು ತಟ್ಟನೆ ತಿರುಗಿ ಒಳಗೆ ಬರಲು ನೋಡಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಮ್ಮಾ! ನಿನ್ನ ಮಗನಿಗಾಗಿ ಪ್ರಾರ್ಥನೆ ಮಾಡಿದ್ದೀನಿ!"

"ಮಾಡಿದ್ರಿ. ಅದಕ್ಕೇ ಊಟ ಹಾಕ್ದೆ."

ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ಮೇಜಿನ ಬಳಿ ಮಾಯ್ತ ರೊಟ್ಟಿ ಹಿಡಿದು ಕೂತೇ ಇದ್ದ. "ಅವ್ವಾ, ನಾನೂ ಹೊರಗೆ ಹೋಗ್ಬೇಕಾ?"

"ಸುಮ್ನೆ ತಿನ್ನಪ್ಪ."

ಹೊರಗೆ ಗುಂಡಿನ ಸದ್ದಾಯಿತು. ನಾನು ಶಿಲುಬೆ ಗುರುತು ಹಾಕಿಕೊಂಡೆ, ಮಗನಿಗಾಗಿ.

ಪಂಜರವನ್ನು ಇಳಿಸಿಕೊಟ್ಟವನು ಮಾಯ್ತನೇ. ತಲೆಯನ್ನು ತೊಳೆದು, ನನ್ನ ಮದುವೆಯ ಶಾಲಿನಲ್ಲಿ ಸುತ್ತಿ, ಮೆಲ್ಚೋರನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆ. ಸಿಪಾಯಿಗಳಲ್ಲಿ ಬಹಳ ಮಂದಿ ನಮ್ಮವರ ಜೊತೆಗೇ ಬೆಟ್ಟ ಹತ್ತಿದರು. ಕೆಳಗಿನ ಊರುಗಳಿಗೂ ಸುದ್ದಿ ಹಬ್ಬಿತು. ಆಮೇಲೆ ನಾವು ಸುಂಕದ ಮಾತೇ ಆಡಲಿಲ್ಲ, ನೆಲವನ್ನೇ ಕೇಳಿದೆವು.

ಪಶ್ಚಾತ್ತಾಪ ಆಯಿತೇ ಎಂದು ಪಾಪನಿವೇದನೆಗೆ ಹೋದ ಪ್ರತಿ ಸಲವೂ ಪಾದ್ರಿಗಳು ಕೇಳುತ್ತಾರೆ. ಇನ್ನೂ ಇಲ್ಲ ಸ್ವಾಮಿ, ಎನ್ನುತ್ತೇನೆ. ಹಬ್ಬದ ನಡುಹಗಲಿಗೆ ಮೆಲ್ಚೋರನ ರೊಟ್ಟಿ ಮೇಜಿನ ಮೇಲಿರುತ್ತದೆ. ಕಪ್ತಾನನೂ ಬರುತ್ತಾನೆ, ಬಲ್ಲೆ. ಅವನಿಗಾಗಿ ರೊಟ್ಟಿ ಸುಡುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಹೊಸ್ತಿಲಾಚೆ ನಿಂತಿರಲಿ. ಮಗ ಒಳಗೆ ಬಂದ ಕೂಡಲೇ ನಾನು ಅಗುಳಿ ಹಾಕುತ್ತೇನೆ.