ಏಕವಚನ ಕೂಡದು

ಎದುರಿನವಳ ಉಗುರಿನಲ್ಲಿ ಕೆಸರು, ಮೆಂತ್ಯದ ಸೊಪ್ಪನ್ನು ಚಿವುಟಿ ಚಿವುಟಿ ಮಡಿಲಿನ ಚೀಲಕ್ಕೆ ಹಾಕುತ್ತಿದ್ದಾಳೆ, ಬೇರುಗಳೆಲ್ಲ ಕೆಳಗೆ ನನ್ನ ಚಪ್ಪಲಿಯ ಮೇಲೆ, ಒಂದು ಒದ್ದೆ ಎಲೆ ಬಂದು ನನ್ನ ಬ್ಯಾಗಿಗೆ ಅಂಟಿಕೊಂಡಿತು, ಜರಾ ಸರ್ಕಾ ನಾ ಬಾಯಿ ಎಂದು ಪಕ್ಕದವಳು ಸೊಂಟದಿಂದಲೇ ತಳ್ಳುತ್ತಾಳೆ, ಎಲ್ಲಿಗೆ ಸರಿಯಲಿ, ಲೋಕಲ್ ಗಾಡಿಯ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಆತುಕೊಂಡು ಕೂತಿದ್ದೇನೆ, ಜೋಗೇಶ್ವರಿ ದಾಟಿತೋ ಇಲ್ಲವೋ — ಬ್ಯಾಗನ್ನು ಎದೆಗವಚಿಕೊಂಡೆ, ಎಲೆಯನ್ನು ಉಜ್ಜಿ ತೆಗೆದೆ, ಒಳಗಿರುವುದು ಒದ್ದೆಯಾಗಬಾರದು, ಒದ್ದೆಯಾದರೆ ಒಳ್ಳೆಯದೇ ಅಲ್ಲವೆ, ಒಳಗಿರುವುದು ಗವಾಕ್ಷಿ, ನಮ್ಮ ಕೈಬರಹದ ಪತ್ರಿಕೆ, ಇರುವುದು ಒಂದೇ ಪ್ರತಿ, ಅದನ್ನು ಇವತ್ತು ವಿಕ್ರೋಳಿಯಲ್ಲಿ ದಾನವ್ವನ ಕೈಗೆ ಕೊಡಬೇಕು, ಹಿಂದಿನ ಹಾಳೆಯಲ್ಲಿ ತನ್ನ ಬಗ್ಗೆ ಏನು ಬರೆದಿದ್ದಾರೆಂದು ಅವಳಿಗಿನ್ನೂ ಗೊತ್ತಿಲ್ಲ, ನನಗೆ ಗೊತ್ತು, ನೆನೆದರೆ ಬಾಯಲ್ಲಿ ನೀರೂರುತ್ತದೆ, ವಾಂತಿಗೆ ಮುಂಚೆ ಊರುತ್ತದಲ್ಲ ಆ ಹುಳಿ ನೀರು. ಎಂಥ ಚೆಂದದ ಕೆಲಸ ಅಂದುಕೊಂಡಿದ್ದೆ, ಗೋರೆಗಾಂವಿನ ನಮ್ಮ ಕಾಲೊನಿಯ ಆರು ಕನ್ನಡದ ಮನೆ, ಯಾರೋ ಒಂದು ಕವಿತೆ, ಯಾರೋ ಒಂದು ಪ್ರವಾಸ, ಎಲ್ಲವನ್ನೂ ನಾನೇ ಮುದ್ದಾಗಿ ಪ್ರತಿ ಮಾಡಿ, ದಬ್ಬಳದಲ್ಲಿ ಹೊಲಿದು, ಹಿಂದೆ ನಾಲ್ಕು ಹಾಳೆ ಖಾಲಿ ಬಿಟ್ಟು, ಓದುಗರ ಮಾತು ಎಂದು ಬರೆದು ಸುತ್ತ ಬಳ್ಳಿ ಬಿಡಿಸಿ ಕಳಿಸುತ್ತಿದ್ದೆ, ಮನೆ ಮನೆ ಸುತ್ತಿ ಬಂದಾಗ ಹಿಂದಿನ ಹಾಳೆಗಳನ್ನೇ ಮೊದಲು ತೆರೆಯುತ್ತಿದ್ದೆ, ಒಲೆಯ ಮೇಲೆ ಹಾಲು ಉಕ್ಕಿದರೂ ಲಕ್ಷ್ಯವಿಲ್ಲ, ಅಕ್ಷರ ಮುತ್ತಿನಂತಿದೆ, ಕವಿತೆ ಓದಿ ಮೈಸೂರು ನೆನಪಾಯಿತು, ಒಂದು ಕಡೆ ಸಾರಿನ ಕಲೆ, ಒಂದು ಕಡೆ ಪುಟ್ಟಲಕ್ಷ್ಮಿಯವರ ಕುಂಕುಮದ ಬೆರಳು, ಅದನ್ನೂ ಪ್ರೀತಿಯಿಂದ ನೋಡುತ್ತಿದ್ದೆ. ಆಮೇಲೆ ಅಂಧೇರಿಯವರು ಸೇರಿದರು, ಆಮೇಲೆ ವಿಕ್ರೋಳಿ, ಮೂವತ್ತು ಮನೆಯಾಯಿತು, ನಾಲ್ಕು ಹಾಳೆ ಸಾಲದೆ ಹತ್ತು ಬಿಟ್ಟೆ, ಪತ್ರಿಕೆಗಿಂತ ಬಾಲವೇ ಉದ್ದವಾಯಿತಲ್ಲೇ ಎಂದು ನಮ್ಮ ಮನೆಯವರು ನಕ್ಕರು, ಬೆಳೆಯುತ್ತಿದೆ ಎಂದು ನಾನು ಕುಣಿದೆ.

ಅಂಧೇರಿ, ಇಳಿಯುವವರಿಗಿಂತ ಹತ್ತುವವರೇ ಹೆಚ್ಚು, ಬೆವರಿನ ಮೇಲೆ ಬಳಿದ ಪೌಡರಿನ ವಾಸನೆ, ಜಯಸಿಂಹ ಇದೇ ಸ್ಟೇಷನ್ನಿನ ಪಕ್ಕದಲ್ಲೇ ಇರುವುದು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಶುಭ್ರ ಬಿಳಿ ಶರಟು, ಪಂಕಜಾ ಅವರೇ ಎಂದು ಕೈ ಮುಗಿದೇ ಮಾತಾಡುವುದು, ಪತ್ರಿಕೆಗೆ ನಿಯಮ ಹಾಕಿಕೊಟ್ಟದ್ದೂ ಅವರೇ. ಆ ಜಗಳವಾಗಿರದಿದ್ದರೆ ನಿಯಮವೇ ಬೇಕಿರಲಿಲ್ಲ — ಮಕ್ಕಳನ್ನು ಮುನಿಸಿಪಾಲಿಟಿಯ ಕನ್ನಡ ಶಾಲೆಗೇ ಕಳಿಸಬೇಕೆಂದು ಒಬ್ಬರು ಲೇಖನ ಬರೆದರು, ಓದುಗರಲ್ಲೊಬ್ಬ, ನಾಣಿ, ಹಿಂದಿನ ಹಾಳೆಯಲ್ಲಿ ಅರ್ಧ ಪುಟ ಗೀಚಿದ, ನಿನ್ನ ಮಗನ್ನ ಕಾನ್ವೆಂಟಿಗೆ ಹಾಕಿ ನಮಗೆ ಹೇಳೋಕೆ ಬರ್ತೀಯೇನಯ್ಯಾ, ಅದರ ಕೆಳಗೆ ಇನ್ನೊಬ್ಬರು ನಿನಗೆ ಮಕ್ಕಳೇ ಇಲ್ಲವಲ್ಲೋ, ಥೂ, ಪತ್ರಿಕೆ ಅಲ್ಲಿಂದ ನಮ್ಮ ಮನೆಗೆ ಬಂದು ಬಿದ್ದಾಗ ಮುಟ್ಟಲೂ ಮನಸ್ಸಾಗಲಿಲ್ಲ. ಆಗ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ, ಉಪ್ಪಿಟ್ಟು ತಿಂದು, ಜಯಸಿಂಹ ಹೇಳಿದಂತೆ ಮೊದಲ ಪುಟದಲ್ಲಿ ನಾನೇ ಬರೆದೆ, ಏಕವಚನ ಕೂಡದು, ಹೆಸರಿಲ್ಲದೆ ಬರೆಯಕೂಡದು, ಹಾಳೆ ಹರಿಯಕೂಡದು, ಎಲ್ಲರೂ ಚಪ್ಪಾಳೆ ತಟ್ಟಿದರು, ಇನ್ನು ಮೇಲೆ ಮರ್ಯಾದಸ್ಥರ ಚರ್ಚೆ ಎಂದರು. ಆ ಸಂಚಿಕೆಯಲ್ಲೇ ನಾನು ಅಮ್ಮ ಹೋದದ್ದರ ಬಗ್ಗೆ ಬರೆದಿದ್ದೆ, ಸತ್ತ ಮೇಲೂ ಅವಳ ಬಳೆಯಲ್ಲಿ ಸಿಕ್ಕಿಕೊಂಡಿದ್ದ ಸೇಫ್ಟಿ ಪಿನ್ನಿನ ಬಗ್ಗೆ, ಓದುಗರೆಲ್ಲ ಭಾವಪೂರ್ಣ, ಹೃದಯಸ್ಪರ್ಶಿ ಎಂದು ಬರೆದು ರುಜು ಹಾಕಿದರು, ದಾನವ್ವ ಮಾತ್ರ ದೊಡ್ಡ ದೊಡ್ಡ ಅಕ್ಷರದಲ್ಲಿ, ಪಂಕಜಾ, ನೀ ಬರದದ್ದು ಓದಿ ಭಾಳ ಅತ್ತೆ, ನಿಮ್ಮವ್ವನೂ ನಮ್ಮವ್ವನ್ಹಂಗ ಇದ್ಲು ನೋಡು. ಅದನ್ನು ಎಷ್ಟು ಸಲ ಓದಿದೆನೋ, ಆ ನೀ ಎನ್ನುವುದು ಬೆನ್ನು ಸವರಿದಂತಿತ್ತು, ಈ ಊರಿಗೆ ಬಂದ ಮೇಲೆ ನನ್ನನ್ನು ಯಾವ ಹೆಂಗಸೂ ನೀ ಅಂದಿರಲಿಲ್ಲ. ಮುಂದಿನ ಸುತ್ತಿನಲ್ಲಿ ಆ ಹಳೆಯ ಸಂಚಿಕೆ ಜಯಸಿಂಹರ ಮನೆಗೆ ಹೋಗಿ ಬಂತು, ನೀ ಎನ್ನುವುದರ ಕೆಳಗೆ ಕೆಂಪು ಗೆರೆ, ಇದ್ಲು ಎನ್ನುವುದರ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಸಣ್ಣಗೆ, ಏಕವಚನ, ದಿವಂಗತರಿಗೂ! — ನನ್ನ ತಾಯಿಗೆ ಮರ್ಯಾದೆ ಕೊಡಿಸಲು ಇವರು ಯಾರು. ದಾನವ್ವ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಆತು ಬಿಡವ್ವಾ, ಹಾಳ್ಯಾಗ ರಿ ಹಚ್ತೀನಿ, ಮನ್ಯಾಗ ನೀ ನೀನs.

ಅವಳಿಗೆ ಬರೆಯಲು ಹೇಳಿದವಳು ನಾನು. ಏನ ಬರೀಲಿ, ನನಗೇನ ಗೊತ್ತೈತಿ ಎಂದಳು, ದಿನಾ ಏನು ಮಾಡುತ್ತೀಯೋ ಅದನ್ನೇ ಬರಿ ಎಂದೆ, ಬರೆದಳು, ಬಾಗಲಾ ಹಿಡಿಯೂದು ಅಂತ ಹೆಸರಿಟ್ಟು. ನಮ್ಮ ಚಾಳಿನ್ಯಾಗ ಹೆಣಮಕ್ಕಳ ಸಂಡಾಸಿನ ಬಾಗಲಕ್ಕ ಚಿಲಕ ಇಲ್ಲ, ಒಬ್ಬಾಕಿ ಒಳಗ ಹೋದ್ರ ಒಬ್ಬಾಕಿ ಹೊರಗ ಬಾಗಲಾ ಹಿಡಕೊಂಡ ನಿಂದರಬೇಕು, ಸಂಜಿ ಆದಮ್ಯಾಲೆ ನಾವು ನೀರು ಕುಡಿಯೂದಿಲ್ಲ, ನಾ ಒಳಗ ಇದ್ದಾಗ ನಮ್ಮ ಮಲ್ಲವ್ವ ಹೊರಗ ಹಾಡತಾಳ, ಹಾಡ ಕೇಳಸ್ತಿದ್ರ ಬಾಗಲಾ ಹಿಡದಾಳ ಅಂತ ಧೈರ್ಯ. ಪ್ರತಿ ಮಾಡುತ್ತಾ ಮಾಡುತ್ತಾ ನನ್ನ ಕೈ ನಿಂತುಹೋಯಿತು. ಭಾಷೆ ಸ್ವಲ್ಪ ತಿದ್ದಬಾರದೇನೇ ಎಂದು ನಮ್ಮ ಮನೆಯವರು ಇಣುಕಿ ನೋಡಿದರು, ಒಂದು ಒತ್ತಕ್ಷರವನ್ನೂ ತಿದ್ದುವುದಿಲ್ಲ ಎಂದೆ, ಕೊನೆಯ ನಾಲ್ಕು ಸಾಲು ಉಳಿಯಿತು, ಹಾಳೆ ಮುಗಿದಿತ್ತು, ಅವನ್ನು ಓದುಗರ ಮಾತಿನ ಮೊದಲ ಪುಟದ ತಲೆಯ ಮೇಲೆಯೇ ಬರೆದೆ, ಮಲ್ಲವ್ವ ಊರಿಗೆ ಹೋದಾಳ, ಬರತಾಳೋ ಇಲ್ಲೋ ಗೊತ್ತಿಲ್ಲ, ಈಗ ನಾ ಒಳಗ ಕುಂತ ನಾನs ಹಾಡತೀನಿ. ಪತ್ರಿಕೆ ಸುತ್ತಿ ಬಂದಾಗ ಅದರ ಕೆಳಗೇ, ಒಂದು ಬೆರಳಿನಷ್ಟೂ ಜಾಗ ಬಿಡದೆ, ಜಯಸಿಂಹರ ದುಂಡು ಅಕ್ಷರ, ಮಾನ್ಯ ಶ್ರೀಮತಿ ದಾನವ್ವನವರು ತಮ್ಮ ಅನುಭವವನ್ನು ನಮ್ಮೊಡನೆ ಹಂಚಿಕೊಂಡುದಕ್ಕಾಗಿ ಅವರಿಗೆ ವಂದನೆಗಳು, ಪತ್ರಿಕೆಯನ್ನು ಮುಚ್ಚಿದ ಮೇಲೆ ಎರಡು ಸಲ ಕೈ ತೊಳೆದುಕೊಳ್ಳಬೇಕಾಯಿತೆಂದು ಸವಿನಯವಾಗಿ ತಿಳಿಸುತ್ತೇನೆ. ಅದರ ಕೆಳಗೆ ಪುಟ್ಟಲಕ್ಷ್ಮಿಯವರು, ನಾನೂ ಸಹ. ಅದರ ಕೆಳಗೆ ಅನುಮೋದಿಸುತ್ತೇನೆ, ಅನುಮೋದಿಸುತ್ತೇನೆ, ರುಜು, ರುಜು, ಅದರ ಕೆಳಗೆ ನಾಣಿ, ಇವನಿಗೂ ಈಗ ಮರ್ಯಾದೆ ಬಂದಿದೆ, ಶ್ರೀಮತಿಯವರ ಮುಂದಿನ ಲೇಖನದ ಜೊತೆ ಮನೆಗೊಂದು ಸೋಪು ಲಗತ್ತಿಸಬೇಕಾಗಿ ಸಂಪಾದಕರಲ್ಲಿ ವಿನಂತಿ. ಹೇಸಿಗೆ, ಹೇಸಿಗೆ, ಹಿಂದಿನ ಜಗಳ ಎಷ್ಟೋ ವಾಸಿ, ಅಲ್ಲಿ ಉಗುಳಿದವರು ಬಾಯಿ ತೆರೆದು ಉಗುಳಿದ್ದರು, ಇವರು ಉಗುಳನ್ನೂ ಪಂಚಪಾತ್ರೆಯಲ್ಲಿ ಹಿಡಿದು ಉದ್ಧರಣೆಯಲ್ಲಿ ಕೊಡುತ್ತಾರೆ. ನೋಡ್ರೀ ಇದನ್ನ ಎಂದು ನಮ್ಮ ಮನೆಯವರ ಮುಂದೆ ಹಿಡಿದೆ, ಕನ್ನಡಕ ಹಾಕಿಕೊಂಡು ಪೂರಾ ಓದಿದರು, ತುಟಿಯ ತುದಿಯಲ್ಲಿ ನಗು, ಸೋಪಿನ ಹತ್ತಿರ ಬಂದಾಗ, ನಾನು ನೋಡಿದೆ, ನನ್ನನ್ನು ಕಂಡು ನುಂಗಿಕೊಂಡರು, ಇದರಲ್ಲಿ ತಪ್ಪೇನಿದೆ ಕಣೇ, ಒಂದೇ ಒಂದು ಏಕವಚನ ತೋರಿಸು ನೋಡೋಣ. ಅವರೊಂದಿಗೆ ಹದಿನಾಲ್ಕು ವರ್ಷ ಊಟ ಮಾಡಿದ್ದೇನೆ.

ದಾದರ್, ಗುಂಪು ನನ್ನನ್ನು ಎತ್ತಿ ಪ್ಲಾಟ್‌ಫಾರ್ಮಿಗೆ ಹಾಕಿತು, ಸೇತುವೆಯ ಮೆಟ್ಟಿಲ ಮೂಲೆಮೂಲೆಗೂ ಪಾನಿನ ಕೆಂಪು, ಸೆರಗು ತಾಗದಂತೆ ಎತ್ತಿ ಹಿಡಿದು ನಡೆಯುತ್ತೇನೆ, ನಾನೂ ಕೈ ತೊಳೆದುಕೊಳ್ಳುವವರ ಪೈಕಿಯೇ ಅಲ್ಲವೆ, ಇರಲಿ, ಹರಿದು ಬಿಡಲೇ, ಇಲ್ಲಿ ಕೆಳಗೆ ಹಳಿಯ ಮೇಲೆ ಎಸೆದರೆ ಯಾರು ಕೇಳುತ್ತಾರೆ, ಹಾಳೆ ಹರಿಯಕೂಡದಂತೆ, ನಿಯಮ ಹಾಳಾಗಿ ಹೋಗಲಿ, ಆದರೆ ಹರಿದರೆ ಅವಳ ನಾಲ್ಕು ಸಾಲೂ ಹೋಗುತ್ತದೆ, ಅವಳು ಒಳಗೆ ಕೂತು ತಾನೇ ಹಾಡುವುದು ಹೋಗುತ್ತದೆ, ಇವರ ಹೊಲಸಿಗೆ ಅವಳ ಮಾತನ್ನು ಯಾಕೆ ಹರಿಯಲಿ, ನೀರು ಚೆಲ್ಲಿದರೆ ಎಲ್ಲ ಶಾಯಿಯೂ ಒಟ್ಟಿಗೇ ಹರಿಯುತ್ತದೆ, ಕೊಡದೇ ಇರಲೇ, ಕಳೆದುಹೋಯಿತು ಅನ್ನಲೇ, ತನ್ನ ಬರಹ ನನ್ನ ಅಕ್ಷರದಲ್ಲಿ ಹೇಗೆ ಕಾಣುತ್ತದೆಂದು ಎರಡು ತಿಂಗಳಿಂದ ಕಾದಿದ್ದಾಳೆ. ಅವಳು ಓದುವುದೇ ಬೆರಳಿಟ್ಟು. ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಆಮೇಲೆ ತೋರುಬೆರಳನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಅಕ್ಷರಕ್ಕೆ ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ, ರೊಟ್ಟಿ ಬಡಿದು ಬಡಿದು ತುದಿ ಚಪ್ಪಟೆಯಾದ ಬೆರಳು, ಒಂದು ಸಾಲನ್ನೂ ಬಿಡುವುದಿಲ್ಲ, ಪುಟದ ಸಂಖ್ಯೆಯನ್ನೂ ಓದುತ್ತಾಳೆ. ಆ ಬೆರಳು ನಾಲ್ಕು ಸಾಲು ದಾಟಿ ಕೆಳಗಿಳಿಯುತ್ತದೆ, ಮಾನ್ಯ ಎನ್ನುವಲ್ಲಿಗೆ ಬರುತ್ತದೆ — ಸೆಂಟ್ರಲ್ ಗಾಡಿ ಬಂತು, ಹತ್ತಿದೆ, ಕಿಟಕಿ ಸಿಕ್ಕಿತು, ಸಾಯನ್ನಿನ ಚರಂಡಿಯ ನಾತ ಒಳಗೆ ನುಗ್ಗುತ್ತಿದೆ, ಬ್ಯಾಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ, ಪುಟದ ತಳದಲ್ಲಿ, ಸೋಪಿನ ಕೆಳಗೆ, ಎರಡು ಬೆರಳಷ್ಟು ಜಾಗ ಉಳಿದಿದೆ, ಪೆನ್ನು ತೆಗೆದೆ, ಗಾಡಿ ಕುಲುಕುತ್ತದೆ, ನನ್ನ ಮುತ್ತಿನ ಅಕ್ಷರ ಕೋಳಿ ಕೆದಕಿದಂತೆ ಬಂತು, ದಾನವ್ವಾ, ನೀನು ಬರಿ, ಬಾಗಿಲು ನಾನು ಹಿಡಿದಿದ್ದೇನೆ. ಏಕವಚನ, ನೋಡಿಕೊಳ್ಳಲಿ, ಕೆಂಪು ಗೆರೆ ಎಳೆಯಲಿ. ಕುರ್ಲಾ, ಘಾಟ್ಕೋಪರ್, ಶಾಯಿ ಆರಲೆಂದು ಊದುತ್ತಾ ಕೂತೆ, ಬೆರಳು ಅಲ್ಲಿಯವರೆಗೆ ಇಳಿದರೆ ಸಾಕು, ಅವಳು ಒಂದು ಸಾಲನ್ನೂ ಬಿಡುವುದಿಲ್ಲ.

ಬಾ ಯವ್ವಾ, ಎಷ್ಟ ಬಿಸಲಾಗ ಬಂದಿ, ಕುಂಡ್ರು ಕುಂಡ್ರು, ಚಾ ಇಡ್ತೀನಿ, ತಂದೀಯೇನು — ತಂದಿದ್ದೇನೆ, ಚಾ ಆಮೇಲೆ, ಅವಳಿಗೂ ಚಾ ಬೇಕಿಲ್ಲ, ಕಣ್ಣೆಲ್ಲ ನನ್ನ ಬ್ಯಾಗಿನ ಮೇಲೆ, ನಿನಗೊಂದ ತೋರಸ್ತೀನಿ ತಡಿ ಎಂದು ಗೂಡಿನಿಂದ ನಾಲ್ಕು ಹಾಳೆ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು, ಇನ್ನೊಂದ ಬರದೀನಿ, ನಳದ ಪಾಳಿ ಬಗ್ಗೆ, ಮೊದಲ ಇದನ್ನ ಓದ್ತೀನಿ, ಕೈ ಒರೆಸಿಕೊಂಡಳು, ಹಿಟ್ಟು, ಇನ್ನೊಮ್ಮೆ ಒರೆಸಿಕೊಂಡಳು, ಏನ ಚೆಂದ ಬರದೀ ನನ್ನ ಹೆಸರಾ, ಬೆರಳಿಟ್ಟಳು, ನಮ್ಮ, ಚಾಳಿನ್ಯಾಗ, ಓದುತ್ತಾ ತಾನೇ ನಗುತ್ತಾಳೆ, ಮಲ್ಲವ್ವ ಕೇಳಬೇಕಿತ್ತು ಇದನ್ನ, ನೀರು ಕೇಳಬೇಕು, ಕೇಳಲಾರೆ, ಇಲ್ಲಿ ನೀರು ಕುಡಿದರೆ ಆಮೇಲೆ ಆ ಬಾಗಿಲು — ಥೂ, ಏನು ಯೋಚಿಸುತ್ತಿದ್ದೇನೆ, ಪುಟ ಮಗುಚಿದಳು, ನಾನs ಹಾಡತೀನಿ, ಮುಗಿತು, ಅಯ್ಯ, ಕೆಳಗ ಎಷ್ಟ ಮಂದಿ ಬರದಾರ, ಬೆರಳು ಇಳಿಯಿತು, ಮಾನ್ಯ, ಶ್ರೀಮತಿ, ದಾನವ್ವನವರು, ಮುಖ ಅರಳಿತು, ನನ್ನ ಕಡೆ ನೋಡಿದಳು, ನಾನು ಗೋಡೆ ನೋಡಿದೆ, ವಂದನೆಗಳು, ಮುಚ್ಚಿದ, ಮೇಲೆ, ಎರಡು, ಸಲ, ಕೈ — ತುಟಿ ನಿಂತಿತು. ತುಟಿಯಿಲ್ಲದೆ ಮುಂದಿನ ಎರಡು ಪದ ಓದಿದಳು, ಬೆರಳು ಅಲ್ಲಿಗೆ ಹೋಗಿ ಮತ್ತೆ ಕೈ ಎನ್ನುವಲ್ಲಿಗೆ ಬಂತು. ಇನ್ನೊಂದು ಕೈ ತೊಡೆಯ ಮೇಲಿನ ಹಾಳೆಗಳನ್ನು ಮೆಲ್ಲಗೆ ಮಡಚುತ್ತಿದೆ, ಒಮ್ಮೆ, ಇನ್ನೊಮ್ಮೆ, ತೊಡೆಯ ಕೆಳಗೆ ಸರಿಸುತ್ತಿದೆ. ನಳದ ಪಾಳಿಯದು ಎಂದೆ. ಅದು ಬರೇ ಹಂಗs ಗೀಚಿದ್ದರಿ ಬಾಯಾರ, ಈ ಸಲ ಏನೂ ಬರದಿಲ್ಲರಿ ಎಂದಳು, ತಲೆಯೆತ್ತಲಿಲ್ಲ. ರಿ ಹಚ್ಚಿ ಬಾಯಾರ ಎಂದಳು, ಅವಳದೇ ಮನೆಯಲ್ಲಿ, ನನ್ನನ್ನು. ಕೆಳಗೆ ಓದು, ಇನ್ನೂ ಕೆಳಗೆ, ತಳದಲ್ಲಿ ನಾನಿದ್ದೇನೆ, ಹೇಳಬೇಕು, ಬೆರಳು ಕೈ ಎನ್ನುವುದರ ಕೆಳಗೆ ನಿಂತಿದೆ, ಉಗುರಿನ ಸುತ್ತ ಹಿಟ್ಟಿನ ಬಿಳಿ ಗೆರೆ, ಇಳಿ, ಇಳಿಯೇ, ಬೆರಳು ಅಲ್ಲೇ, ಕೈ ಎನ್ನುವುದರ ಕೆಳಗೆ, ಅಲ್ಲೇ, ಬೆರಳು